ಬಂಡೆಗೆ ಸಿಲುಕಿದ ಸರಕು ಹಡಗು: ಒಂದು ಹಳೆಯ ಛಾಯಾಚಿತ್ರವನ್ನು ಓದುವ ಬಗೆ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಲ್ಯಾಂಡ್ಸ್ ಎಂಡ್ ಭೂಶಿರದಿಂದ ಸುಮಾರು ಎರಡು ಕಿಲೋಮೀಟರ್ ದೂರದ ಸಮುದ್ರದಲ್ಲಿ ಲಾಂಗ್‌ಶಿಪ್ಸ್ ಎಂಬ ಬಂಡೆಗಳ ಗುಂಪಿದೆ. ಆ ಬಂಡೆಗಳ ಮೇಲೆ ಸುಮಾರು 35 ಮೀಟರ್ ಎತ್ತರದ ಗ್ರಾನೈಟ್ ದೀಪಸ್ತಂಭ 19ನೇ ಶತಮಾನದ ಎಪ್ಪತ್ತರ ದಶಕದಿಂದ ನಿಂತಿದೆ. 1898ರಲ್ಲಿ, ಮಂಜಾಗಲಿ ಮೋಡವಾಗಲಿ ಇಲ್ಲದ ಒಂದು ರಾತ್ರಿ, 'ಬ್ಲೂ ಜಾಕೆಟ್' ಎಂಬ ಉಗಿಯಂತ್ರದ ಸರಕು ಹಡಗು ಉರಿಯುತ್ತಿದ್ದ ಆ ದೀಪದ ಬುಡಕ್ಕೇ ಬಂದು ಬಂಡೆಯೇರಿತು. ಹಡಗಿನಲ್ಲಿದ್ದವರನ್ನು ಹತ್ತಿರದ ಸೆನ್ನೆನ್ ಊರಿನ ಜೀವರಕ್ಷಕ ದೋಣಿ ಪಾರುಮಾಡಿತು. ಬಂಡೆಯ ಮೇಲೆ ಕುಳಿತ ಹಡಗು ಮತ್ತು ಅದರ ಪಕ್ಕದಲ್ಲೇ ನೆಟ್ಟಗೆ ನಿಂತ ದೀಪಸ್ತಂಭ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿದ ಛಾಯಾಚಿತ್ರ ಅಂದಿನಿಂದ ಇಂದಿನವರೆಗೆ ನೋಡಿದವರನ್ನೆಲ್ಲ ಬೆರಗುಗೊಳಿಸುತ್ತಿದೆ.

ಬೆಂಗಳೂರಿನಂಥ ಒಳನಾಡಿನ ಊರಿನಲ್ಲಿ ಕುಳಿತು ಈ ಚಿತ್ರ ನೋಡುವವರಿಗೆ ಮೊದಲು ಕಾಣುವುದು ಹಡಗು, ಆಮೇಲೆ ದೀಪಸ್ತಂಭ, ಕೊನೆಗೆ ಬಂಡೆ. ನೀರು ಕಣ್ಣಿಗೆ ಬಿದ್ದರೂ ಅದು ಹಿನ್ನೆಲೆಯಾಗಿಯೇ ಉಳಿದುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂಥ ಚಿತ್ರವನ್ನು ಓದಲು ತೊಡಗಬೇಕಾದದ್ದೇ ನೀರಿನಿಂದ. ಹಡಗಿನ ಮೈಯನ್ನು ನೀರು ಎಲ್ಲಿ ಮುಟ್ಟಿದೆ, ಬಂಡೆಯನ್ನು ಎಲ್ಲಿ ಮುಟ್ಟಿದೆ, ಹಿಂದಿನ ಕೆಲವು ಗಂಟೆಗಳಲ್ಲಿ ಎಲ್ಲಿಯವರೆಗೆ ಏರಿತ್ತು ಎಂಬ ಮೂರು ಗೆರೆಗಳನ್ನು ಗುರುತಿಸಿಕೊಂಡರೆ, ಹಡಗಿಗೆ ಆಗ ಏನಾಗುತ್ತಿತ್ತು, ಅದನ್ನು ಉಳಿಸಿಕೊಳ್ಳಲು ಇನ್ನೆಷ್ಟು ಹೊತ್ತು ಉಳಿದಿತ್ತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಅದಕ್ಕೆ ಮೊದಲು ಚಿತ್ರ ತೆಗೆದವರ ಬಗ್ಗೆ ಎರಡು ಮಾತು ಹೇಳಬೇಕು. ಲ್ಯಾಂಡ್ಸ್ ಎಂಡ್‌ನ ಆಚೆ ಸಮುದ್ರದಲ್ಲಿರುವ ಸಿಲ್ಲಿ ದ್ವೀಪಗಳ ಜಾನ್ ಗಿಬ್ಸನ್ ಮೊದಲು ನಾವಿಕರಾಗಿದ್ದವರು, ಆಮೇಲೆ ಛಾಯಾಗ್ರಾಹಕರಾದವರು. ಅವರ ಮಕ್ಕಳಾದ ಅಲೆಕ್ಸಾಂಡರ್ ಮತ್ತು ಹರ್ಬರ್ಟ್ ಇದೇ ಕಸುಬಿಗೆ ಇಳಿದರು, ಮುಂದಿನ ತಲೆಮಾರುಗಳೂ ಅದನ್ನು ಬಿಡಲಿಲ್ಲ. 1869ರಿಂದ ಆರಂಭಿಸಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಕುಟುಂಬ ಲ್ಯಾಂಡ್ಸ್ ಎಂಡ್ ಇರುವ ಕಾರ್ನ್‌ವಾಲ್ ಪ್ರಾಂತ್ಯ ಮತ್ತು ಸಿಲ್ಲಿ ತೀರದ ಹಡಗು ದುರಂತಗಳನ್ನು ಗಾಜಿನ ಫಲಕಗಳ ಮೇಲೂ, ಆಮೇಲೆ ಫಿಲ್ಮಿನ ಮೇಲೂ ದಾಖಲಿಸಿತು. ಆ ಸಂಗ್ರಹ 2013ರಲ್ಲಿ ಹರಾಜಿಗೆ ಬಂದಾಗ ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯ ಅದನ್ನು ಕೊಂಡುಕೊಂಡಿತು. ಬ್ಲೂ ಜಾಕೆಟ್ ಚಿತ್ರವೂ ಅದೇ ಪರಂಪರೆಗೆ ಸೇರಿದೆ.

ಗಾಜಿನ ಫಲಕದ ಗುಣವನ್ನು ಅರಿಯದೆ ಈ ಚಿತ್ರಗಳನ್ನು ನೋಡಿದರೆ ಕಣ್ಣು ಮೋಸಹೋಗುತ್ತದೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಬಳಕೆಗೆ ತಂದ ಕೊಲೋಡಿಯನ್ ವಿಧಾನದಲ್ಲಿ ಫಲಕಕ್ಕೆ ರಾಸಾಯನಿಕ ಲೇಪಿಸಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ಸಂಸ್ಕರಿಸಬೇಕಾಗಿತ್ತು. ಹಾಗಾಗಿ ಆ ಕಾಲದ ಛಾಯಾಗ್ರಾಹಕರು ಕತ್ತಲೆಕೋಣೆಯನ್ನೇ ಕೈಗಾಡಿಯಲ್ಲಿ ಹೇರಿಕೊಂಡು ದಡಕ್ಕೆ ಹೋಗುತ್ತಿದ್ದರು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ರೂಪಿಸಿದ ಒಣ ಜೆಲಟಿನ್ ಫಲಕ ಈ ಕಷ್ಟವನ್ನು ತಪ್ಪಿಸಿತು, 1898ರ ಹೊತ್ತಿಗೆ ಅದೇ ರೂಢಿಯಲ್ಲಿತ್ತು. ಆದರೆ ಹಸಿ ಫಲಕಕ್ಕೂ ಆರಂಭದ ಒಣ ಫಲಕಕ್ಕೂ ಒಂದು ದೋಷ ಸಮಾನವಾಗಿತ್ತು. ಅವು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪಿಗೆ ಬಹುತೇಕ ಕುರುಡಾಗಿದ್ದವು. ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಂಥ ಕಡೆ 19ನೇ ಶತಮಾನದ ಛಾಯಾಚಿತ್ರಗಳನ್ನು ನೋಡಿದವರಿಗೆ ಅವುಗಳ ಆಕಾಶ ಖಾಲಿ ಕಾಗದದಂತೆ ಬೆಳ್ಳಗಿರುವುದು ನೆನಪಿರಬಹುದು. ಆ ಬಿಳುಪಿಗೆ ಕಾರಣ ಈ ನೀಲಿಯ ಒಲವು.

ಹಡಗಿನ ವಿಷಯದಲ್ಲಿ ತೊಡಕು ಹುಟ್ಟುವುದು ಕೆಂಪಿನಿಂದ. ಹಡಗಿನ ಒಡಲಿನ ಕೆಳಭಾಗಕ್ಕೆ, ಅಂದರೆ ಸಾಮಾನ್ಯವಾಗಿ ನೀರಿನೊಳಗೆ ಇರುವ ಭಾಗಕ್ಕೆ, ಪಾಚಿ ಮತ್ತು ಚಿಪ್ಪುಜೀವಿಗಳು ಅಂಟದಂತೆ ಕೆಂಪು ಬಣ್ಣ ಬಳಿಯುವುದು ರೂಢಿ. ಮೇಲ್ಭಾಗಕ್ಕೆ ಅಂದಿನ ಸರಕು ಹಡಗುಗಳಲ್ಲಿ ಹೆಚ್ಚಾಗಿ ಕಪ್ಪು. ನಿಜದಲ್ಲಿ ಈ ಎರಡು ಬಣ್ಣಗಳ ನಡುವಿನ ಗೆರೆ ದೂರದಿಂದಲೇ ಎದ್ದು ಕಾಣುತ್ತದೆ. ಹಳೆಯ ಫಲಕದಲ್ಲಿ ಕೆಂಪು ಕೂಡ ಕಪ್ಪಾಗಿಯೇ ಮೂಡುವುದರಿಂದ ಆ ಗೆರೆ ಅಳಿಸಿಹೋಗುತ್ತದೆ, ಹಡಗು ತನ್ನ ಸಹಜ ನೀರಿನ ಮಟ್ಟಕ್ಕಿಂತ ಎಷ್ಟು ಮೇಲೆದ್ದಿದೆ ಎಂಬುದು ಮೇಲುನೋಟಕ್ಕೆ ತಿಳಿಯುವುದಿಲ್ಲ. ಇಂಥಲ್ಲಿ ಚಿತ್ರವನ್ನು ಹಿಗ್ಗಿಸಿ ಬೇರೆ ಗುರುತುಗಳನ್ನು ಹುಡುಕಬೇಕು. ಹಡಗಿನ ಮುಂತುದಿ ಮತ್ತು ಹಿಂತುದಿಯಲ್ಲಿ ಅಡಿಗಳ ಲೆಕ್ಕದಲ್ಲಿ ಒಂದರ ಮೇಲೊಂದು ಬರೆದ ಅಂಕಿಗಳ ಸಾಲು ಇರುತ್ತದೆ. ಬ್ರಿಟಿಷ್ ಹಡಗುಗಳಲ್ಲಿ ಇವು ಹೆಚ್ಚಾಗಿ ರೋಮನ್ ಅಂಕಿಗಳು. ನೀರು ಯಾವ ಅಂಕಿಯನ್ನು ಮುಟ್ಟಿದೆಯೋ ಹಡಗು ಅಷ್ಟು ಅಡಿ ಮುಳುಗಿದೆ ಎಂದರ್ಥ. ಒಡಲಿನ ನಟ್ಟನಡುವೆ ಒಂದು ವೃತ್ತ, ಅದನ್ನು ಅಡ್ಡಹಾಯುವ ಒಂದು ಗೆರೆ ಇರುತ್ತದೆ. ಹಡಗಿಗೆ ಮಿತಿಮೀರಿ ಸರಕು ತುಂಬಿ ನಾವಿಕರ ಜೀವದ ಜೊತೆ ಆಡುವುದನ್ನು ತಡೆಯಲು ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ನಡೆಸಿದ ಹೋರಾಟದಿಂದ 1876ರಲ್ಲಿ ಈ ಗುರುತು ಕಡ್ಡಾಯವಾಯಿತು. ಅದನ್ನು ಎಲ್ಲಿ ಹಾಕಬೇಕೆಂಬುದನ್ನು ಮಾತ್ರ ಕಾನೂನು ಮೊದಲಿಗೆ ಮಾಲೀಕರಿಗೇ ಬಿಟ್ಟಿತ್ತು. 1890ರಲ್ಲಷ್ಟೇ ಆ ಸಡಿಲು ಮುಚ್ಚಿತು. ತುಂಬಿದ ಹಡಗು ತೇಲುವಾಗ ಈ ಗುರುತು ನೀರಿಗೆ ಹತ್ತಿರದಲ್ಲಿರಬೇಕು. ಚಿತ್ರದಲ್ಲಿ ಅದು ಬಹಳ ಎತ್ತರದಲ್ಲಿ ಕಂಡರೆ ಒಂದೋ ಹಡಗು ಖಾಲಿ ಹೊರಟಿತ್ತು, ಇಲ್ಲವೇ ನೀರು ಅದನ್ನು ಬಿಟ್ಟು ಕೆಳಗಿಳಿದಿದೆ.

ಈ ಕೊನೆಯ ಮಾತಿನಲ್ಲಿಯೇ ವಿಷಯದ ತಿರುಳಿದೆ. ತೇಲುವ ಹಡಗಿನ ಇಡೀ ಭಾರವನ್ನು ನೀರು ಹೊರುತ್ತದೆ ಎಂಬ ಆರ್ಕಿಮಿಡೀಸ್ ತತ್ವವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಬಂಡೆಗೆ ಸಿಲುಕಿದ ಹಡಗಿನ ಸುತ್ತ ನೀರು ಇಳಿಯತೊಡಗಿದಾಗ ನೀರು ಹೊರಲಾರದೆ ಬಿಟ್ಟ ಭಾರವಷ್ಟೂ ಬಂಡೆಯ ಮೇಲೆ ಬೀಳುತ್ತದೆ. ಅದರ ಪ್ರಮಾಣವನ್ನು ಅಂದಾಜು ಮಾಡುವುದು ಕಷ್ಟವಲ್ಲ. ಉದಾಹರಣೆಗೆ 90 ಮೀಟರ್ ಉದ್ದ, 13 ಮೀಟರ್ ಅಗಲದ ಒಂದು ಸರಕು ಹಡಗನ್ನು ಊಹಿಸಿಕೊಳ್ಳೋಣ. ಎರಡೂ ತುದಿಗಳು ಕಿರಿದಾಗುವುದರಿಂದ ನೀರಿನ ಮಟ್ಟದಲ್ಲಿ ಅದು ಆವರಿಸುವ ಜಾಗ ಉದ್ದ ಮತ್ತು ಅಗಲದ ಗುಣಲಬ್ಧದ ಶೇ 80ರಷ್ಟು, ಅಂದರೆ ಸುಮಾರು 936 ಚದರ ಮೀಟರ್ ಎಂದಿಟ್ಟುಕೊಳ್ಳಬಹುದು. ನೀರು ಒಂದೇ ಒಂದು ಸೆಂಟಿಮೀಟರ್ ಇಳಿದರೂ ಸುಮಾರು ಒಂಬತ್ತೂವರೆ ಟನ್ ಭಾರ ನೀರಿನಿಂದ ಬಂಡೆಗೆ ವರ್ಗವಾಗುತ್ತದೆ. ಒಂದು ಮೀಟರ್ ಇಳಿದರೆ ಅದು 950 ಟನ್ ದಾಟುತ್ತದೆ. ಹಡಗು ಬಡಿದ ಕ್ಷಣದ ಪೆಟ್ಟಿಗಿಂತ, ಆಮೇಲೆ ಸದ್ದಿಲ್ಲದೆ ಹೀಗೆ ಗಂಟೆಗಟ್ಟಲೆ ಏರುತ್ತ ಹೋಗುವ ಹೊರೆಯೇ ಎಷ್ಟೋ ಸಲ ಹಡಗನ್ನು ಮುರಿಯುತ್ತದೆ.

ಎಲ್ಲಿ ಮುರಿಯುತ್ತದೆ ಎಂಬುದು ಬಂಡೆ ಎಲ್ಲಿ ಆತಿದೆ ಎಂಬುದರ ಮೇಲೆ ನಿಂತಿದೆ. ನಡುಭಾಗ ಮಾತ್ರ ಬಂಡೆಯ ಮೇಲಿದ್ದು ಎರಡೂ ತುದಿಗಳು ಆಧಾರವಿಲ್ಲದೆ ತೂಗಿದರೆ ಮೇಲಿನ ಡೆಕ್ ಎಳೆತಕ್ಕೆ ಸಿಕ್ಕಿ, ಉಕ್ಕಿನ ಹಾಳೆಗಳನ್ನು ಬಂಧಿಸಿದ ರಿವೆಟ್‌ಗಳು ಸಾಲಾಗಿ ಕಿತ್ತುಬರುತ್ತವೆ. ತುದಿಗಳಿಗೆ ಮಾತ್ರ ಆಧಾರವಿದ್ದು ನಡು ತೂಗಿದರೆ ತಳ ಹರಿಯುತ್ತದೆ. ಅಂದಿನ ಸರಕು ಹಡಗುಗಳಲ್ಲಿ ಬಾಯ್ಲರ್ ಮತ್ತು ಎಂಜಿನ್ ಹೆಚ್ಚಾಗಿ ನಡುಭಾಗದಲ್ಲೇ ಇರುತ್ತಿದ್ದುದರಿಂದ ಈ ಎರಡನೆಯ ಸ್ಥಿತಿಯಲ್ಲಿ ಅವುಗಳ ಭಾರವೂ ಮುರಿತಕ್ಕೆ ಕೂಡಿಕೊಳ್ಳುತ್ತಿತ್ತು. ಚಿತ್ರದಲ್ಲಿ ಡೆಕ್ಕಿನ ಅಂಚಿನ ಗೆರೆಗೆ ಒಂದು ಅಳತೆಪಟ್ಟಿ ಇಟ್ಟು ನೋಡಿದರೆ ಹಡಗಿನ ಬೆನ್ನು ಮುರಿದಿದೆಯೇ ಎಂದು ತಿಳಿಯಬಹುದು. ಹಡಗಿನ ಡೆಕ್ಕಿಗೆ ತುದಿಗಳಲ್ಲಿ ಮೇಲೇರುವ ಸಹಜವಾದ ನಯವಾದ ಬಾಗು ಇರುತ್ತದೆ. ಆ ಬಾಗಿನ ನಡುವೆ ಒಂದೆಡೆ ಥಟ್ಟನೆ ಕೋನ ಕಂಡರೆ, ಚಿಮಣಿ ಮತ್ತು ಕಂಬಗಳು ಒಂದಕ್ಕೊಂದು ಹೊಂದದ ಓರೆಯಲ್ಲಿ ನಿಂತಿದ್ದರೆ, ಹಡಗಿನ ಆಯುಷ್ಯ ಅಲ್ಲಿಗೆ ಮುಗಿದಿದೆ ಎಂದೇ ತಿಳಿಯಬೇಕು.

ಬಸವನಗುಡಿಯಲ್ಲಿ ನೆಲೆಸಿರುವ, ಗಂಗೊಳ್ಳಿ ಮೂಲದ ಹಿರಿಯರೊಬ್ಬರಿಗೆ ಬ್ಲೂ ಜಾಕೆಟ್ ಚಿತ್ರವನ್ನು ತೋರಿಸಿದ್ದೆ. ಹಡಗಿನ ಹೆಸರನ್ನಾಗಲಿ ಊರನ್ನಾಗಲಿ ಅವರು ಕೇಳಲಿಲ್ಲ. "ಇದು ತೆಗೆದದ್ದು ಭರತದಲ್ಲೋ ಇಳಿತದಲ್ಲೋ ಮಾರಾಯ್ರೆ?" ಎಂದಷ್ಟೇ ಕೇಳಿದರು. ಸಮುದ್ರದ ನೀರು ಏರುವುದು ಭರತ, ಇಳಿಯುವುದು ಇಳಿತ. ಸಮುದ್ರದ ಬದಿಯಲ್ಲಿ ಬೆಳೆದವರ ಕಣ್ಣು ತಾನಾಗಿಯೇ ಹೋಗುವ ಜಾಗ ಅದು, ಮತ್ತು ಕೇಳಬೇಕಾದ ಪ್ರಶ್ನೆಯೂ ಅದೇ.

ಭರತ ಮತ್ತು ಇಳಿತಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಮಂಗಳೂರಿನ ಆಸುಪಾಸಿನಲ್ಲಿ ಅದು ದೊಡ್ಡ ಭರತದ ದಿನಗಳಲ್ಲೂ ಸುಮಾರು ಒಂದೂವರೆ ಮೀಟರ್. ಲ್ಯಾಂಡ್ಸ್ ಎಂಡ್ ಸುತ್ತಮುತ್ತ ಐದು ಮೀಟರ್‌ಗೆ ಸಮೀಪ. ಗುಜರಾತಿನ ಖಂಭಾತ್ ಕೊಲ್ಲಿಯ ಅಲಂಗ್‌ನಲ್ಲಿ ಹತ್ತು ಮೀಟರ್ ಮುಟ್ಟುತ್ತದೆ. ಹಳೆಯ ಹಡಗುಗಳನ್ನು ಒಡೆಯುವ ಉದ್ಯಮ ಅಲಂಗ್‌ನಲ್ಲಿ ಬೆಳೆದದ್ದೇ ಈ ಕಾರಣಕ್ಕೆ: ದೊಡ್ಡ ಭರತದ ಹೊತ್ತಿಗೆ ಹಡಗನ್ನು ಪೂರ್ಣ ವೇಗದಲ್ಲಿ ದಡಕ್ಕೆ ನುಗ್ಗಿಸುತ್ತಾರೆ, ನೀರು ಇಳಿದಾಗ ಹಡಗು ಒಣನೆಲದ ಮೇಲೆ ಉಳಿಯುತ್ತದೆ. ಕಾರ್ನ್‌ವಾಲ್‌ನ ಬಂಡೆಯ ಮೇಲೆ ಭರತದ ವೇಳೆಗೆ ಹತ್ತಿದ ಹಡಗಿಗೆ ಸುಮಾರು ಆರು ಗಂಟೆಗಳಲ್ಲಿ ಇದೇ ಗತಿ ಬರುತ್ತದೆ, ವ್ಯತ್ಯಾಸವೆಂದರೆ ಅಲ್ಲಿ ಅದು ಯಾರೂ ಬಯಸಿದ್ದಲ್ಲ.

ಇಲ್ಲಿ ಪಂಚಾಂಗ ಬಲ್ಲವರಿಗೆ ಒಂದು ಅನುಕೂಲವಿದೆ. ಸೂರ್ಯ ಮತ್ತು ಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಕೂಡುವ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಅಥವಾ ಅವುಗಳ ಮರುದಿನ, ಅದರ ಮರುದಿನ ಭರತ ಅತಿ ದೊಡ್ಡದಾಗಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಆ ಎರಡು ಸೆಳೆತಗಳು ಒಂದಕ್ಕೊಂದು ಅಡ್ಡವಾಗುವುದರಿಂದ ಅತಿ ಚಿಕ್ಕದಾಗಿರುತ್ತದೆ. ಹಡಗು ಅಷ್ಟಮಿಯ ಸಣ್ಣ ಭರತದಲ್ಲಿ ಸಿಲುಕಿದರೆ, ಒಂದು ವಾರದಲ್ಲಿ ನೀರು ಇನ್ನೂ ಎತ್ತರಕ್ಕೆ ಏರಲಿರುವುದರಿಂದ ಅದನ್ನು ಬಿಡಿಸುವ ಆಸೆ ಇಟ್ಟುಕೊಳ್ಳಬಹುದು. ಹುಣ್ಣಿಮೆಯ ದೊಡ್ಡ ಭರತದ ನೆತ್ತಿಯಲ್ಲಿ ಸಿಲುಕಿದರೆ, ದಿನದಿಂದ ದಿನಕ್ಕೆ ಭರತ ಕುಗ್ಗುತ್ತ ಹೋಗಿ, ಅಷ್ಟೇ ನೀರು ಮತ್ತೆ ಬರಲು ಕನಿಷ್ಠ ಹದಿನೈದು ದಿನ ಕಾಯಬೇಕಾಗುತ್ತದೆ. ಅಷ್ಟರೊಳಗೆ ಒಂದು ಬಿರುಗಾಳಿ ಬಂದರೂ ಸಾಕು, ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ಒಂದೇ ಬಂಡೆ, ಒಂದೇ ಬಗೆಯ ಹಡಗು, ಆದರೆ ತಿಥಿ ಬೇರೆಯಾದರೆ ಫಲಿತಾಂಶವೂ ಬೇರೆ.

ಈ ಮಾತು ಉಗಿಹಡಗುಗಳ ಕಾಲಕ್ಕಷ್ಟೇ ಸೀಮಿತವಲ್ಲ. 2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿದ, 400 ಮೀಟರ್ ಉದ್ದದ 'ಎವರ್ ಗಿವನ್' ಹಡಗಿನ ಚಿತ್ರಗಳನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಸುಮಾರು 30,000 ಘನ ಮೀಟರ್ ಮರಳನ್ನು ತೋಡಿ ತೆಗೆದು, ಟಗ್‌ಗಳನ್ನು ಹಚ್ಚಿ ಎಳೆದ ಮೇಲೂ ಅದು ಪೂರ್ತಿ ಬಿಡಿಸಿಕೊಂಡು ತೇಲಿದ್ದು ಮಾರ್ಚ್ 29ರಂದು. ಅದರ ಹಿಂದಿನ ದಿನ ಹುಣ್ಣಿಮೆಯಾಗಿತ್ತು. ರಕ್ಷಣಾ ತಂಡ ಆ ದೊಡ್ಡ ಭರತಕ್ಕಾಗಿಯೇ ಸಿದ್ಧತೆ ಮಾಡಿಕೊಂಡಿತ್ತು.

ಹಾಗಾದರೆ ಬರೀ ಚಿತ್ರ ನೋಡಿ ಅದು ಭರತವೋ ಇಳಿತವೋ ಎಂದು ಹೇಳುವುದು ಹೇಗೆ? ಉತ್ತರ ಬಂಡೆಯ ಮೇಲೆಯೇ ಪಟ್ಟೆ ಪಟ್ಟೆಯಾಗಿ ಇರುತ್ತದೆ. ಅಲೆಯ ತುಂತುರು ಮಾತ್ರ ತಲುಪುವ ಎತ್ತರದಲ್ಲಿ ಕಪ್ಪು ಕಲ್ಲುಹೂವಿನ ಪಟ್ಟೆ, ಅದರ ಕೆಳಗೆ ಬಂಡೆಗೆ ಕಚ್ಚಿಕೊಂಡ ಸಣ್ಣ ಬಿಳಿಯ ಚಿಪ್ಪುಜೀವಿಗಳ ಪಟ್ಟೆ, ಅದಕ್ಕೂ ಕೆಳಗೆ ಕಂದುಬಣ್ಣದ ಕಡಲಪಾಚಿ, ಇಳಿತ ತೀರಾ ಕೆಳಗಿಳಿದಾಗ ಮಾತ್ರ ಕಾಣುವ ದಪ್ಪನೆಯ ಉದ್ದ ಎಲೆಗಳ ಪಾಚಿ. ನಮ್ಮ ಕರಾವಳಿಯ ಬಂಡೆಗಳಲ್ಲೂ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಕೀಳಲು ಹೋಗುವವರಿಗೆ ಇಂಥ ಪಟ್ಟೆಗಳ ಪರಿಚಯ ಚೆನ್ನಾಗಿಯೇ ಇದೆ, ಜೀವಿಗಳು ಬೇರೆಯಷ್ಟೆ. ಚಿತ್ರದಲ್ಲಿ ಬಿಳಿ ಪಟ್ಟೆ ಪೂರ್ತಿ ಕಂಡು ಅದರ ಕೆಳಗೆ ಜೋಲುವ ಪಾಚಿಯೂ ಕಂಡರೆ ನೀರು ಬಹಳ ಇಳಿದಿದೆ. ಬಿಳಿ ಪಟ್ಟೆಯೇ ಮುಳುಗಿದ್ದರೆ ಭರತದ ನೀರು ತುಂಬಿದೆ. ಹಡಗಿನ ಒಡಲಿನ ಮೇಲೂ ಒದ್ದೆಯಾದ ಭಾಗ ಒಣ ಭಾಗಕ್ಕಿಂತ ಗಾಢವಾಗಿ ಹೊಳೆಯುವುದರಿಂದ ಕೆಲವೊಮ್ಮೆ ಹಿಂದಿನ ಭರತದ ಎತ್ತರ ಅಲ್ಲೂ ಗೆರೆಯಾಗಿ ಸಿಗುತ್ತದೆ. ಲಾಂಗ್‌ಶಿಪ್ಸ್ ಚಿತ್ರಕ್ಕೆ ಇನ್ನೊಂದು ಭಾಗ್ಯವಿದೆ: ಎತ್ತರ ತಿಳಿದಿರುವ ದೀಪಸ್ತಂಭ ಪಕ್ಕದಲ್ಲೇ ಇರುವುದರಿಂದ, ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆಂಬ ಎಚ್ಚರವಿಟ್ಟುಕೊಂಡು, ಅದನ್ನೇ ಅಳತೆಗೋಲಾಗಿ ಬಳಸಬಹುದು.

ನೀರಿನ ಗೆರೆಗಳಾದ ಮೇಲೆ ಮನುಷ್ಯರ ಗುರುತುಗಳನ್ನು ನೋಡಬೇಕು. ಚಿಮಣಿಯಿಂದ ಹೊಗೆ ಏಳುತ್ತಿದ್ದರೆ ಬಾಯ್ಲರ್‌ನಲ್ಲಿ ಬೆಂಕಿ ಇನ್ನೂ ಇದೆ, ಕೆಳಗೆ ಜನರಿದ್ದಾರೆ, ಎಂಜಿನ್ ಕೋಣೆಗೆ ನೀರು ನುಗ್ಗಿಲ್ಲ. ದೋಣಿಗಳನ್ನು ತೂಗುಹಾಕುವ ಬಾಗಿದ ಕಂಬಗಳು ಹೊರಕ್ಕೆ ತಿರುಗಿ ಹಗ್ಗ ಮಾತ್ರ ಜೋತಾಡುತ್ತಿದ್ದರೆ ಸಿಬ್ಬಂದಿ ಹಡಗು ಬಿಟ್ಟಿದ್ದಾರೆ. ಸರಕು ಎತ್ತುವ ತೊಲೆಗಳು ಪಕ್ಕಕ್ಕೆ ಚಾಚಿ, ಮಗ್ಗುಲಲ್ಲಿ ಸಣ್ಣ ದೋಣಿಗಳು ಕಟ್ಟಿದ್ದರೆ ಭಾರ ಇಳಿಸುವ ಕೆಲಸ ನಡೆದಿದೆ. ಹಿಂಭಾಗದಿಂದ ಸಮುದ್ರದ ಕಡೆಗೆ ಬಿಗಿಯಾದ ಹಗ್ಗ ಹೋಗಿದ್ದರೆ, ದೂರದಲ್ಲಿ ಲಂಗರು ಇಳಿಸಿ ಭರತ ಬಂದಾಗ ಹಡಗನ್ನು ಹಿಂದಕ್ಕೆ ಎಳೆದುಕೊಳ್ಳುವ ಪ್ರಯತ್ನವದು.

ದೀಪದ ಬುಡದಲ್ಲೇ ಹಡಗು ಹೇಗೆ ಬಂಡೆಗೆ ಬಡಿಯಿತು ಎಂಬ ಪ್ರಶ್ನೆ ಎಲ್ಲರೂ ಕೇಳುವಂಥದ್ದು. ಒಂದು ನಿರ್ದಿಷ್ಟ ಹಡಗಿನಲ್ಲಿ ಯಾರು ತಪ್ಪಿದರು ಎನ್ನುವುದಕ್ಕಿಂತ ಅಂದಿನ ನೌಕಾಯಾನದ ಮಿತಿಯನ್ನು ತಿಳಿಯುವುದು ಹೆಚ್ಚು ಉಪಯುಕ್ತ. ರೇಡಿಯೊ, ರಾಡಾರ್ ಇಲ್ಲದ ಕಾಲವದು. ಹೊರಟ ಸ್ಥಳ, ದಿಕ್ಕು, ವೇಗ ಮತ್ತು ಕಳೆದ ಸಮಯ ಇವುಗಳಿಂದ ಈಗ ಎಲ್ಲಿದ್ದೇವೆಂದು ಲೆಕ್ಕಹಾಕುತ್ತಿದ್ದರು. ಭರತ-ಇಳಿತದ ಹರಿವು ಹಡಗನ್ನು ಪಕ್ಕಕ್ಕೆ ಸರಿಸಿದರೆ ಆ ಲೆಕ್ಕದಲ್ಲಿ ಅದು ಕಾಣುತ್ತಿರಲಿಲ್ಲ. ಕಬ್ಬಿಣದ ಒಡಲು ದಿಕ್ಸೂಚಿಯನ್ನೂ ತುಸು ತಪ್ಪಿಸುತ್ತಿತ್ತು. ದೀಪ ಕಂಡರೂ, ಒಂದೇ ದೀಪವನ್ನು ನೋಡಿ ದಿಕ್ಕು ತಿಳಿಯುವಷ್ಟು ಸುಲಭವಾಗಿ ದೂರ ತಿಳಿಯುವುದಿಲ್ಲ. ಇದೇ ನೀರಿನಲ್ಲಿ, 1707ರಲ್ಲಿ, ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ಬಡಿದು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯುವವರಿಗೆ ಬಹುಮಾನ ಸಾರಿದ 1714ರ ಕಾನೂನಿನ ಹಿಂದೆ ಆ ದುರಂತದ ನೆನಪೂ ಇತ್ತು.

ಈ ಚಿತ್ರಗಳನ್ನು ಇತಿಹಾಸದ ಆಧಾರವಾಗಿ ಬಳಸುವಾಗ ಇನ್ನೊಂದು ಎಚ್ಚರ ಬೇಕು. ಛಾಯಾಗ್ರಾಹಕ ತಲುಪುವವರೆಗೆ ಹಡಗು ನೀರಿನ ಮೇಲೆ ಕಾಣುವಂತಿದ್ದರೆ ಮಾತ್ರ ಚಿತ್ರ ಸಾಧ್ಯ. 1875ರ ಮೇ ತಿಂಗಳಲ್ಲಿ ಮಂಜು ಕವಿದ ರಾತ್ರಿ ಸಿಲ್ಲಿಯ ಬಂಡೆಗಳಿಗೆ ಬಡಿದ ಜರ್ಮನ್ ಪ್ರಯಾಣಿಕ ಹಡಗು 'ಶಿಲ್ಲರ್' 335 ಜನರನ್ನು ಬಲಿತೆಗೆದುಕೊಂಡಿತು. ರಾತ್ರಿಯ ಅಲೆಗಳಿಗೆ ಸಿಕ್ಕಿ ಒಡೆದುಹೋಗುವ ಇಂಥ ಹಡಗುಗಳು ಬಂಡೆಯ ಮೇಲೆ ಇಡಿಯಾಗಿ ಕುಳಿತು ಕ್ಯಾಮೆರಾಕ್ಕೆ ಸಿಗುವುದಿಲ್ಲ. ಆದ್ದರಿಂದ ಹಳೆಯ ಸಂಗ್ರಹಗಳಲ್ಲಿ ಇಡಿಯಾಗಿ ನಿಂತ ಹಡಗುಗಳೇ ಹೆಚ್ಚು ಕಾಣುತ್ತವೆ, ಸಮುದ್ರವೂ ಶಾಂತವಾಗಿರುತ್ತದೆ. ಅವುಗಳನ್ನೇ ನೋಡಿ ಬಂಡೆಗೆ ಸಿಲುಕುವುದೆಂದರೆ ಹೀಗೆ ನಿಶ್ಚಲವಾದ ಸಂಗತಿಯೆಂದು ಭಾವಿಸಿದರೆ ಸತ್ತವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಮರಳಿನ ದಡದ ಕಥೆ ಬಂಡೆಗಿಂತ ಭಿನ್ನ. ಮರಳು ಹಡಗಿನ ತಳಕ್ಕೆ ಉದ್ದಕ್ಕೂ ಆಧಾರ ಕೊಡುವುದರಿಂದ ಮೊದಲ ಪೆಟ್ಟು ಹಗುರ. ಆದರೆ ನೀರಿನ ಸೆಳೆತ ತುದಿಗಳ ಸುತ್ತಲಿನ ಮರಳನ್ನು ಕೊರೆದು ಒಯ್ಯುತ್ತದೆ, ಒಡಲು ನಿಧಾನವಾಗಿ ಹೂತುಕೊಳ್ಳುತ್ತದೆ. ಗಂಗೊಳ್ಳಿಯಲ್ಲೋ ಮಂಗಳೂರಿನ ಹಳೆ ಬಂದರಿನಲ್ಲೋ ಅಳಿವೆಯನ್ನು, ಅಂದರೆ ನದಿ ಸಮುದ್ರ ಸೇರುವ ಬಾಯಿಯನ್ನು, ದಾಟುವ ಮೀನುಗಾರರಿಗೆ ಮರಳಿನ ಈ ಸ್ವಭಾವ ಗೊತ್ತು. ಮಳೆಗಾಲಕ್ಕೊಮ್ಮೆ ಅಳಿವೆಯ ಆಳ ಬದಲಾಗುತ್ತದೆ. 2019ರ ಅಕ್ಟೋಬರಿನಲ್ಲಿ 'ಭಗವತಿ ಪ್ರೇಮ್' ಎಂಬ ಡ್ರೆಜರ್ (ಹೂಳೆತ್ತುವ ಹಡಗು) ಸುರತ್ಕಲ್ ಬಳಿ ದಡ ಹತ್ತಿದಾಗ ಅದನ್ನು ನೋಡಲು ಹೋದ ಬೆಂಗಳೂರಿನವರೂ ಕಡಿಮೆಯಿರಲಿಲ್ಲ.

ಒಳನಾಡಿನವರಿಗೆ ಸಮುದ್ರದ ಮಟ್ಟ ದೂರದ ವಿಷಯವೆನಿಸಬಹುದು. ಆದರೆ ನಮ್ಮ ರೈಲು ನಿಲ್ದಾಣಗಳ ಹಳದಿ ಫಲಕಗಳಲ್ಲಿ ಊರಿನ ಹೆಸರಿನ ಕೆಳಗೆ ಬರೆದಿರುವ ಎತ್ತರ, ಬೆಂಗಳೂರಿಗೆ ಸುಮಾರು 900 ಮೀಟರ್, ಇದೇ ಭರತ-ಇಳಿತದ ಸರಾಸರಿಯಿಂದ ಅಳೆದದ್ದು. ಕಾರವಾರವೂ ಸೇರಿದಂತೆ ಒಂಬತ್ತು ಬಂದರುಗಳಲ್ಲಿ ನೀರಿನ ಏರಿಳಿತವನ್ನು ದಾಖಲಿಸಿ, ಅದರ ಆಧಾರದ ಮೇಲೆ ದೇಶದ ಎತ್ತರಗಳಿಗೆ ಸೊನ್ನೆಯ ಮಟ್ಟವನ್ನು 1909ರ ಹೊತ್ತಿಗೆ ನಿಗದಿಮಾಡಲಾಯಿತು. ಬ್ರಿಟನ್ನಿನ ಸೊನ್ನೆಯ ಮಟ್ಟ ನಿಂತಿರುವುದು ಬ್ಲೂ ಜಾಕೆಟ್ ಸಿಲುಕಿದ ಜಾಗಕ್ಕೆ ಅನತಿದೂರದ ನ್ಯೂಲಿನ್ ಬಂದರಿನಲ್ಲಿ 1915ರಿಂದ 1921ರವರೆಗೆ ಮಾಡಿದ ದಾಖಲೆಯ ಮೇಲೆ.

ಹೀಗೆ ದಾಖಲಿಸಿದ ಏರಿಳಿತವನ್ನು ಅದರ ಹಿಂದಿನ ಆವರ್ತಗಳಾಗಿ ಬಿಡಿಸಿಟ್ಟುಕೊಂಡರೆ ಮುಂದಿನ ದಿನಗಳ ಭರತವನ್ನು ಮಾತ್ರವಲ್ಲ, ಹಿಂದೆ ಕಳೆದ ಯಾವುದೇ ದಿನದ ಭರತವನ್ನೂ ಲೆಕ್ಕಹಾಕಬಹುದು. ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1870ರ ದಶಕದಲ್ಲಿ ಇದಕ್ಕಾಗಿ ಯಂತ್ರ ರೂಪಿಸಿದರು, 1879ರಲ್ಲಿ ಭಾರತದ ಬಂದರುಗಳಿಗಾಗಿಯೇ ಅಂಥದ್ದೊಂದು ಸಿದ್ಧವಾಯಿತು. ಈಗ ಕಂಪ್ಯೂಟರ್ ಆ ಕೆಲಸ ಮಾಡುತ್ತದೆ. ತಾರೀಖು ಗೊತ್ತಿರುವ ಚಿತ್ರದಲ್ಲಿ ನೀರಿನ ಗೆರೆಯ ಎತ್ತರವನ್ನು ಅಳೆದು, ಆ ದಿನದ ಲೆಕ್ಕದೊಂದಿಗೆ ಹೋಲಿಸಿ, ನೆರಳಿನ ದಿಕ್ಕನ್ನೂ ಜೊತೆಗಿಟ್ಟುಕೊಂಡರೆ ಚಿತ್ರ ತೆಗೆದ ಗಂಟೆಯನ್ನು ಅಂದಾಜು ಮಾಡಬಹುದು. ಭಾರತದ ಬಂದರುಗಳ ಭರತ-ಇಳಿತದ ಕೋಷ್ಟಕವನ್ನು ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಪ್ರಕಟಿಸುತ್ತದೆ. ಮುಂದೆ ಮಲ್ಪೆಯಲ್ಲೋ ಸುರತ್ಕಲ್ಲಿನಲ್ಲೋ ದಡ ಹತ್ತಿದ ಹಡಗಿನ ಚಿತ್ರ ತೆಗೆಯುವವರು ಹಡಗಿನ ತುದಿಯ ಅಂಕಿಗಳು, ನೀರಿನ ಅಂಚು ಮತ್ತು ದಡದ ಒಂದು ಸ್ಥಿರ ವಸ್ತು ಮೂರೂ ಚೌಕಟ್ಟಿನೊಳಗೆ ಬರುವಂತೆ ನೋಡಿಕೊಂಡು, ತಾರೀಖು ಮತ್ತು ಗಂಟೆಯನ್ನು ಚಿತ್ರದ ಜೊತೆಗೇ ಬರೆದಿಡಬೇಕು. ಫೋನಿನಲ್ಲಿ ತಾನಾಗಿ ದಾಖಲಾಗುವ ಸಮಯ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಾಗ ಸಾಮಾನ್ಯವಾಗಿ ಅದರೊಂದಿಗೆ ಹೋಗುವುದಿಲ್ಲ.